ಬೆಳಕಿಗೆ ನಿಂತವರು

ಹಮಾದಾ ಬಂದರಿಗೆ ಸಿನಿಮಾದವರು ಬಂದದ್ದು
ಬೊಂಡಾಸು ಹಗ್ಗಕ್ಕೆ ನೇತುಹಾಕುವ ತಿಂಗಳಲ್ಲಿ.
ಎರಡು ವ್ಯಾನು, ಒಂದು ಜನರೇಟರು, ಒಂದು ಮಳೆಯಂತ್ರ.
ಸಮುದ್ರದ ಬಾಗಿಲಿಗೆ ನೀರು ಹೊತ್ತು ತಂದರಲ್ಲಪ್ಪಾ
ಎಂದು ಮೀನು ಸೊಸೈಟಿಯ ಹೆಂಗಸರು ನಕ್ಕರು.

ಕಥೆ ಗೊತ್ತಿದ್ದದ್ದೇ:
ಹದಿನೇಳರ ಹುಡುಗ, ಹದಿನೇಳರ ಹುಡುಗಿ,
ಒಂದು ಸೈಕಲ್ಲು, ಒಂದು ಬೇಸಿಗೆ,
ಕೊನೆಗೆ ಯಾರಾದರೊಬ್ಬರು ರೈಲು ಹತ್ತಬೇಕು.

ನಟರು ವ್ಯಾನಿನೊಳಗೆ ಫ್ಯಾನಿಗೆ ಮುಖವೊಡ್ಡಿದ್ದರು.
ಬೆಳಕು ಹೊಂದಿಸಲು ಅವರಷ್ಟೇ ಎತ್ತರದವರು ಬೇಕೆಂದು
ನಮ್ಮನ್ನೆಲ್ಲ ಶಾಲೆಯ ಗೋಡೆಗೆ ನಿಲ್ಲಿಸಿ ಅಳೆದರು.
ಹುಡುಗನ ಎತ್ತರಕ್ಕೆ ನಿಶಿಗಾಕಿ ಸರಿಹೋದ,
ಹುಡುಗಿಯ ಎತ್ತರಕ್ಕೆ ನಾನು.
ತರಗತಿಗೆ ತರಗತಿಯೇ ಗೊಳ್ಳೆಂದಿತು.
ಎಲ್ಲರಿಗಿಂತ ಮೊದಲು ನಕ್ಕವನು ನಾನೇ;
ಅದಾಗಲೇ ರೂಢಿಯಾಗಿತ್ತು.

ಪ್ಯಾಂಟಿನ ಮೇಲೆಯೇ ನೀಲಿ ಲಂಗ ಸುತ್ತಿದರು.
ಒರಿಮೊ ಎಂಬ ಸಹಾಯಕಿ
ಬೆಳಕಳೆಯುವ ಮೀಟರನ್ನು ನನ್ನ ಕೆನ್ನೆಗೆ ಹಿಡಿದು
'ಐದು ಪಾಯಿಂಟ್ ಆರು' ಎಂದು ಕೂಗಿದಳು.
ಕೆನ್ನೆಗೂ ಒಂದು ಅಂಕಿಯಿರುತ್ತದೆಂದು ಅಂದು ತಿಳಿಯಿತು.
ನಿಶಿಗಾಕಿ ತಿರುಗಿ ನೋಡಿದ.
ಅವಳು ಮತ್ತೆ ಹಿಡಿದಳು. ಅಂಕಿ ಬದಲಾಗಿರಲಿಲ್ಲ.

ನಮ್ಮ ಮಾತಿನಲ್ಲಿ 'ನಾನು' ಒಂದೇ ಅಲ್ಲ.
ನಿಶಿಗಾಕಿಯದು 'ಒರೆ', ತೋಳು ಮಡಿಚಿ ನಿಂತಂಥದ್ದು.
ನನ್ನದು 'ಬೊಕು', ಪಾಟಿಚೀಲ ಇನ್ನೂ ಹೆಗಲಲ್ಲೇ ಇದ್ದಂತೆ.
ಲಂಗದವಳ ಸಾಲು ಓದು ಎಂದರು; ಅದು 'ವತಾಶಿ'ಯಿಂದ ಶುರು.
ಬಾಯಿಗೆ ಬೇರೆ ಯಾರದೋ ಚಮಚ ಇಟ್ಟ ಹಾಗಾಯಿತು.
ಮೂರೂ ನನ್ನದಲ್ಲ ಎಂದು ಆಮೇಲೆ,
ಎಷ್ಟೋ ಆಮೇಲೆ ಅನಿಸಿತು.
ಅಂದು ಮಾತ್ರ ಓದಿದೆ.

'ಹಿಂದೆ ಕೂತು ಅವನ ಅಂಗಿ ಹಿಡಿ.
ಹಾಗಲ್ಲ, ಪ್ರೀತಿಸುವವರು ಹಿಡಿದ ಹಾಗೆ'
ಒರಿಮೊ ಮೈಕಿನಲ್ಲಿ ಹೇಳಿದ್ದು
ಇಡೀ ಬಂದರಿಗೆ ಕೇಳಿಸಿತು.
ಹಿಡಿದೆ.
ಕ್ಯಾಮೆರಾದಲ್ಲಿ ರೀಲು ಇಲ್ಲ ಎಂದಿದ್ದರಲ್ಲ,
ಆ ಧೈರ್ಯಕ್ಕೆ ಹಿಡಿದೆ.

ಹಳೆಯ ರೈಲು ಸುರಂಗ. ನಾಲ್ಕು ಸಲ ಹೋಗಿ ಬಂದೆವು.
ಒಳಗೆ ಹದಿನೈದು ಸೆಕೆಂಡು ಯಾರಿಗೂ ಕಾಣುವುದಿಲ್ಲ.
ಕೈ ಬಿಡಬಹುದಿತ್ತು.
ಚೈನು ಕರಕರ ಅನ್ನುತ್ತಿತ್ತು, ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು,
ಮುಷ್ಟಿಯಲ್ಲಿದ್ದ ಅಂಗಿ ಅವನ ಬೆವರಿಗೆ ಒದ್ದೆ.
'ಸೆಯಿಗೊ, ಬೀಳ್ತೀಯಾ ನೋಡು' ಎಂದ ಕತ್ತಲಲ್ಲಿ.
ಅಮ್ಮ ಬಿಟ್ಟರೆ ಆ ಹೆಸರು ಹಿಡಿದು ಕರೆದವರಿರಲಿಲ್ಲ.
ಬೆಳಕಿಗೆ ಬಂದ ಮೇಲೆ
'ಮೊಚಿದಾ, ಇಳಿ' ಎಂದ.

ಮುಂದಿನ ವರ್ಷ ಸಿನಿಮಾ ಬಂತು.
ಒಟ್ಟಿಗೆ ಹೋಗೋಣ ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.
ಅವನು ಮೂರು ಸಾಲು ಮುಂದೆ, ಕಡಲೆಯ ಪೊಟ್ಟಣದೊಂದಿಗೆ.
ಪರದೆಯ ಮೇಲೆ ಅವರಿಬ್ಬರು ಚೆಂದವಾಗಿ ಜಗಳವಾಡಿದರು,
ಚೆಂದವಾಗಿ ನೆನೆದರು (ನಮ್ಮೂರ ಮೇಲೆ ಯಂತ್ರದ ಮಳೆ),
ನನಗೆ ಆಕಳಿಕೆ ಬಂತು.

ಕೊನೆಯ ಮೊದಲಿನ ದೃಶ್ಯ. ಸಂಜೆ.
ದೂರದಿಂದ, ಬೆನ್ನು ಮಾತ್ರ,
ಸೈಕಲ್ಲೊಂದು ಸುರಂಗದ ಕಡೆಗೆ.
ಹಿಂದೆ ಕೂತವಳ ಎಡಗಾಲಿನ ಕಾಲುಚೀಲ ಜಾರಿ
ಹಿಮ್ಮಡಿಗೆ ಮುದುಡಿ ಕೂತಿದೆ.
ನನ್ನ ಕಾಲುಚೀಲ.
ಎಲಾಸ್ಟಿಕ್ ಸಡಿಲವಾಗಿದೆ ಎಂದು ಅಮ್ಮ ಬೈದಿದ್ದ ಅದೇ ಕಾಲುಚೀಲ.

ರೀಲು ಇತ್ತು.
ಅಂದಿನ ಬೆಳಕು ಅಷ್ಟು ಚೆನ್ನಾಗಿತ್ತೋ ಏನೋ,
ನಟರದನ್ನು ಬಿಟ್ಟು ನಮ್ಮದನ್ನೇ ಇಟ್ಟುಕೊಂಡಿದ್ದರು.

ಪಕ್ಕದ ಹೆಂಗಸು ಕರವಸ್ತ್ರ ತೆಗೆದಳು.
ಹಿಂದೆ ಯಾರೋ ಮೂಗು ಸೀಟಿದರು.
ಊರಿಗೆ ಊರೇ ಅತ್ತಿತು
ಆ ಹುಡುಗ ಹುಡುಗಿಗಾಗಿ.
ಸೈಕಲ್ಲು ಕತ್ತಲೊಳಗೆ ಹೋಯಿತು,
ಪರದೆ ಕಪ್ಪಾಗಿಯೇ ಇತ್ತು, ಬಹಳ ಹೊತ್ತು.

ನಿಶಿಗಾಕಿ ತಿರುಗಲಿಲ್ಲ.
ಕಡಲೆ ತಿನ್ನುವುದನ್ನು ಮಾತ್ರ ನಿಲ್ಲಿಸಿ
ಬಲಗೈಯನ್ನು ಬೆನ್ನ ಹಿಂದಕ್ಕೆ ತಂದ;
ಅಂಗಿಯಲ್ಲಿ ಒಂದು ಜಾಗ ಹುಡುಕಿ,
ಅಲ್ಲೇ ಇಟ್ಟ.

ತುರಿಕೆ ಇದ್ದರೂ ಇದ್ದೀತು.